ಉಗುರಿನಲ್ಲಿ ಅದುಮಿದ ಚುಕ್ಕಿ

ಮಾರ್ಚ್ ೯

ಅಪ್ಪಾ,

ಬಂದು ಸೇರಿದೆ. ಕೋಣೆ ಬ್ರೆಡ್ ಅಂಗಡಿಯ ಮೇಲಿದೆ. ಬೆಳಗಿನ ಜಾವಕ್ಕೇ ಕೆಳಗೆ ಒಲೆ ಹೊತ್ತಿಸುತ್ತಾರೆ, ನನ್ನ ನೆಲ ಬೆಚ್ಚಗಾಗುತ್ತದೆ. ಅಮ್ಮ ತುರುಕಿ ಕಳಿಸಿದ ಎರಡು ಕಂಬಳಿ ಬಿಚ್ಚಿಯೇ ಇಲ್ಲ, ಅವಳಿಗೆ ಹೇಳಬೇಡ.

ಕೆಲಸ ನೀನು ಹೊಟ್ಟೆಕಿಚ್ಚು ಪಡುವಂಥದ್ದು. ಸೈಕಲ್ ಸಂಘದವರು ಸದ್ದಿಲ್ಲದ ರಸ್ತೆಗಳ ಪುಸ್ತಕ ತರುತ್ತಿದ್ದಾರೆ. ಈ ಬೆಟ್ಟದ ಕಾಡಿನೊಳಗಿನ ಒಂದೊಂದು ರಸ್ತೆಯನ್ನೂ ನಾನು ತುಳಿದು ನೋಡಿ, ಎಲ್ಲಿ ಏರು, ಎಲ್ಲಿ ಜಲ್ಲಿ, ಎಲ್ಲಿ ಕುಡಿಯುವ ನೀರು, ಲಾರಿ ಬರುತ್ತದೋ ಇಲ್ಲವೋ, ಎಲ್ಲ ಬರೆದು ಕೊಡಬೇಕು. ಕೊನೆಗೆ ನಕ್ಷೆಯಲ್ಲಿ ಒಂದು ಬಣ್ಣ ಹಚ್ಚಬೇಕು. ಹಸಿರು ಅಂದರೆ ಮಕ್ಕಳು ಮುದುಕರು ಯಾರಾದರೂ ಹೋಗಬಹುದು. ಕೆಂಪು ಅಂದರೆ ಗಟ್ಟಿ ಗುಂಡಿಗೆಯವರು ಮಾತ್ರ.

ನಿನ್ನೆ ಮೊದಲ ರಸ್ತೆ ಮುಗಿಸಿದೆ. ಮರ ಕೊಯ್ಯುವ ಮಿಲ್ಲು ದಾಟಿದ ಮೇಲೆ ಒಂದೇ ಒಂದು ಗಾಡಿ ಸಿಗಲಿಲ್ಲ. ನಿನಗೆ ಬೇಕಾದ್ದು ಸದ್ದು ತಾನೆ, ತಗೋ: ಎಡಕ್ಕೆ ತೊರೆ, ಬಲಕ್ಕೆ ಮರಕುಟಿಗ, ಕೆಳಗೆ ನೀನು ಕಟ್ಟಿಕೊಟ್ಟ ಚಕ್ರದ ಸರಸರ. ಬೆಟ್ಟದ ನೆತ್ತಿ ದಾಟುವ ರಸ್ತೆಯನ್ನು ಮಾತ್ರ ಮಣ್ಣು ಕುಸಿದಿದೆ ಅಂತ ಮುಚ್ಚಿದ್ದಾರೆ.

ಒಪ್ಪಂದ ನೆನಪಿದೆಯಲ್ಲ? ಅಕ್ಟೋಬರಿನಲ್ಲಿ ನಮ್ಮ ಜೋಡಿ ಸೈಕಲ್ ತರಿಸುತ್ತೇನೆ. ಮುಂದೆ ನಾನು, ಹಿಂದೆ ನೀನು. ನೆತ್ತಿ ಹತ್ತಿ ಆಚೆ ಬದಿಗೆ ಇಳಿಯುವುದು. ಹ್ಯಾಂಡಲ್ಲೂ ನನ್ನ ಕೈಲಿ, ಬ್ರೇಕೂ ನನ್ನ ಕೈಲಿ, ನಿನ್ನ ಪ್ರಾಣವೂ ನನ್ನ ಕೈಲಿ. ನಾನು ಮಾತು ನಿಲ್ಲಿಸುವುದಿಲ್ಲ, ನೀನು ತುಳಿಯುವುದು ನಿಲ್ಲಿಸಬಾರದು.

ಬ್ರೈಲ್ ಚುಕ್ಕಿ ಚುಚ್ಚಿ ಚುಚ್ಚಿ ಬೆರಳು ಸೋತಿದೆ. ಅಮ್ಮನಿಗೆ ಓದಿ ಹೇಳು.

ಇಂತಿ,
ಮುಂದಿನ ಸೀಟು


ಮಾರ್ಚ್ ೨೬

ಮುಂದಿನ ಸೀಟಿಗೆ,

ಕಾಗದ ಬಂತು. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಎದುರಿಗೆ ಕೂತಳು, ನಾನು ಬೆರಳಾಡಿಸುತ್ತ ಗಟ್ಟಿಯಾಗಿ ಓದಿದೆ. ಕಂಬಳಿಯ ವಿಷಯ ನುಂಗಿಕೊಂಡೆ. ಅವಳಿಗೆ ಅನುಮಾನ. "ಇಷ್ಟು ದಪ್ಪ ಕಾಗದದಲ್ಲಿ ಇಷ್ಟೇನಾ ಇರೋದು? ಅಪ್ಪ ಮಗಳು ಸೇರಿಕೊಂಡು ನನ್ನ ಕಣ್ಣಿಗೆ ಮಣ್ಣೆರಚ್ತಿದ್ದೀರಿ" ಅಂದಳು. ಕಲಿತುಕೋ ಮಾರಾಯ್ತಿ ಅಂದರೆ ಇಪ್ಪತ್ತು ವರ್ಷದಿಂದ ಕಲಿಯಲಿಲ್ಲ. ಆ ಚುಕ್ಕಿಗಳನ್ನು ಕಂಡರೆ ಅವಳಿಗಾಗುವುದಿಲ್ಲ. ನನ್ನ ಕಣ್ಣು ಪೂರ್ತಿ ಹೋದ ವರ್ಷ ನೀನು ಎಂಟರ ಹುಡುಗಿ. ನಾವಿಬ್ಬರೂ ಒಂದೇ ಚಾಪೆಯ ಮೇಲೆ ಕೂತು ಇದನ್ನು ಕಲಿತೆವು. ಅವಳು ಅಡುಗೆಮನೆಯಿಂದ ಈಚೆಗೇ ಬರಲಿಲ್ಲ.

ಅಂಗಡಿಯಲ್ಲಿ ಈ ವಾರವೆಲ್ಲ ಬೆಂಡಾದ ಚಕ್ರಗಳು. ಜನರಿಗೆ ಗುಂಡಿಗಳ ಮೇಲೆ ಅದೇನು ಪ್ರೀತಿಯೋ. ನಾನು ಕಡ್ಡಿಗಳನ್ನು ಮೀಟಿ ಮೀಟಿ ಸಡಿಲವಾದದ್ದನ್ನು ಬಿಗಿ ಮಾಡುತ್ತ ಕೂತಿರುತ್ತೇನೆ, ಮನಸ್ಸು ನಿನ್ನ ನೆತ್ತಿಯ ರಸ್ತೆಯಲ್ಲಿರುತ್ತದೆ.

ಒಂದು ತಕರಾರು. ನಿನ್ನ ಕಾಗದ ತಪ್ಪುಗಳ ಸಂತೆ. ತಪ್ಪು ಚುಕ್ಕಿ ಬಿದ್ದರೆ ಕಾಗದ ತಿರುಗಿಸಿ, ಉಗುರಿನಲ್ಲಿ ಅದುಮಿ ಸಮ ಮಾಡಬೇಕು ಅಂತ ಎಷ್ಟು ಸಲ ಹೇಳಲಿ? ನೀನು ಒಮ್ಮೆ ಕಣ್ಣು ಹಾಯಿಸಿ ಎಲ್ಲ ಸರಿಯಿದೆ ಅಂತ ಕಳಿಸಿಬಿಡುತ್ತೀ. ಬಿಳಿ ಕಾಗದದ ಬಿಳಿ ಚುಕ್ಕಿ ಕಣ್ಣಿಗೆಲ್ಲಿ ಸಿಗುತ್ತದೆ? ಕಣ್ಣಿರುವವರ ಸೋಮಾರಿತನ ಇದು.

ಇಂತಿ,
ಹಿಂದಿನ ಸೀಟು


ಮೇ ೪

ಅಪ್ಪಾ,

ತಡವಾಯಿತು, ಬೈಯಬೇಡ. ಇಲ್ಲಿ ಎಲೆ ಚಿಗುರಿ ಕಾಡು ರಸ್ತೆಯ ಮೇಲೆಯೇ ಸೂರು ಹಾಕಿದೆ. ಬಿಸಿಲಿನಲ್ಲಿ ಇಳಿದು ಬಂದು ಅದರೊಳಗೆ ನುಗ್ಗಿದರೆ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಎಲ್ಲರಿಗೂ ಹಾಗೇ ಅಂತ ಬ್ರೆಡ್ ಅಂಗಡಿಯಾಕೆ ಹೇಳಿದಳು. ನಾನೂ ಹಾಗೇ ಅಂದುಕೊಂಡಿದ್ದೇನೆ.

ಒಂದು ತಮಾಷೆ ಕೇಳು. ಮೊನ್ನೆ ಆ ನೆರಳಿನ ರಸ್ತೆಯಲ್ಲಿ ಇಳಿಯುತ್ತಿದ್ದೆ. ನೇರವಾದ ರಸ್ತೆ, ತಿರುವಿಲ್ಲ, ಗುಂಡಿಯಿಲ್ಲ, ಹಸಿರು ಬಣ್ಣ ಹಚ್ಚಲು ಲಾಯಕ್ಕಾದದ್ದು. ಎಡಗಡೆಯಿಂದ ಒಬ್ಬ ಹೆಂಗಸು ಧುತ್ತನೆ ಬಂದಳು! ಈ ಕಡೆಯ ಅಂಚೆಯಾಕೆ, ಸೈಕಲ್ ತಳ್ಳಿಕೊಂಡು ಏರು ಹತ್ತುತ್ತಿದ್ದಳಂತೆ. ನನ್ನ ಹ್ಯಾಂಡಲ್ ಅವಳ ಚೀಲಕ್ಕೆ ತಗುಲಿ ಊರಿನವರ ಕಾಗದವೆಲ್ಲ ರಸ್ತೆ ತುಂಬ ಹರಡಿತು. "ಕಣ್ಣು ಮನೇಲಿ ಬಿಟ್ಟು ಬಂದಿದ್ದೀಯೇನಮ್ಮಾ?" ಅಂದಳು. ನಾನು ನಕ್ಕೆ. ಒಂದೊಂದೇ ಆರಿಸಿಕೊಟ್ಟೆ. ಎಲ್ಲ ಆಯಿತು ಅಂದಾಗ ಅವಳು ನನ್ನ ಎಡಗಾಲಿನ ಪಕ್ಕದಿಂದಲೇ ಇನ್ನೆರಡು ಎತ್ತಿಕೊಂಡಳು.

ಅವಳು ಹೋದ ಮೇಲೆ ಕಲ್ಲಿನ ಮೇಲೆ ಕೂತುಬಿಟ್ಟೆ. ಅವಳಿಗೇನಾದರೂ ಆಗಿದ್ದರೆ ಅಂತ. ಅಷ್ಟೇ, ಬೇರೇನಿಲ್ಲ. ಇದನ್ನು ಅಮ್ಮನಿಗೆ ಓದಬೇಡ, ಸುಮ್ಮನೆ ಗಾಬರಿಯಾಗುತ್ತಾಳೆ.

ನೋಡು, ಈ ಸಲ ನೀನು ಹೇಳಿದ ಹಾಗೆ ತಪ್ಪುಗಳನ್ನೆಲ್ಲ ಅದುಮಿದ್ದೇನೆ. ಕಾಗದದ ಮೂಲೆಯಲ್ಲಿರುವುದು ಬೆಣ್ಣೆ ಕಲೆ, ಅದಕ್ಕೆ ಮಾತ್ರ ಉಗುರು ಸಾಲದು.

ಇಂತಿ,
ಮುಂದಿನ ಸೀಟು


ಮೇ ೧೬

ಮಗಳೇ,

ನೇರವಾದ ರಸ್ತೆಯಲ್ಲಿ ಯಾರೂ ಧುತ್ತನೆ ಬರುವುದಿಲ್ಲ.

ತಪ್ಪು ಅದುಮಿದ್ದೀಯ ಅಂತ ಮೊದಲು ಖುಷಿಪಟ್ಟೆ. ಆಮೇಲೆ ಮತ್ತೆ ಓದಿದೆ. ಇಡೀ ಕಾಗದದಲ್ಲಿ ಒಂದು ತಪ್ಪನ್ನೂ ಬಿಟ್ಟಿಲ್ಲ. ಕಣ್ಣಿನಲ್ಲಿ ಹುಡುಕಿದವರು ಒಂದೆರಡಾದರೂ ಬಿಡುತ್ತಾರೆ. ನೀನು ಬರೆದದ್ದನ್ನು ಬೆರಳಿನಲ್ಲಿ ಓದಿ ತಿದ್ದಿದ್ದೀಯ. ಚಿಕ್ಕವಳಿದ್ದಾಗ ಎಷ್ಟು ಹೇಳಿದರೂ ಬೆರಳಿನಲ್ಲಿ ಓದುತ್ತಿರಲಿಲ್ಲ, ಬಗ್ಗಿ ಬಗ್ಗಿ ನೋಡುತ್ತಿದ್ದೆ. ಯಾವಾಗಿನಿಂದ ಈ ಅಭ್ಯಾಸ? ಯಾಕೆ?

ನಿನ್ನಜ್ಜಿ ಬಾಗಿಲ ಚೌಕಟ್ಟಿಗೆ ಯಾವಾಗಲೂ ಭುಜ ಬಡಿದುಕೊಳ್ಳುತ್ತಿದ್ದಳು. ದುಡುಕಿನವಳು ಅಂತ ನಾವೆಲ್ಲ ನಗುತ್ತಿದ್ದೆವು. ನನಗೂ ವಯಸ್ಸು ಮೂವತ್ತರ ಹತ್ತಿರ ಬಂದಾಗ ಜನ ಧುತ್ತನೆ ಬರತೊಡಗಿದರು. ನಿನ್ನನ್ನು ತೋರಿಸಬೇಕು ಅಂತ ಡಾಕ್ಟರು ಆಗಲೇ ಹೇಳಿದ್ದರು. ನೀನು ಪ್ರತಿ ವರ್ಷವೂ ಮುಂದಿನ ವರ್ಷ ಅಂದೆ.

ಗೋಡೆಯ ಮೇಲೆ ಒಂದು ಗುರುತು ಮಾಡು. ಅದನ್ನೇ ನೋಡುತ್ತ, ಚಾಚಿದ ಎರಡೂ ಕೈಗಳನ್ನು ಹಿಂದಿನಿಂದ ನಿಧಾನವಾಗಿ ಮುಂದಕ್ಕೆ ತಾ. ಬೆರಳಾಡಿಸುತ್ತಿರು. ಎಲ್ಲಿ ಕಾಣುತ್ತವೆ ಅಂತ ಬರಿ. ಆಮೇಲೆ ಡಾಕ್ಟರ ಹತ್ತಿರ ಹೋಗು. ನನಗೆ ಹೆದರಿಕೆಯಾಗಿದೆ, ಮುಚ್ಚಿಡುವುದಿಲ್ಲ.

ಅಪ್ಪ


ಜೂನ್ ೧೧

ಮಗಳೇ,

ನಿನ್ನಿಂದ ಸುದ್ದಿಯಿಲ್ಲ. ಅಂಚೆಯವನ ಗಂಟೆ ಕೇಳಿದರೆ ಅಂಗಡಿಯಿಂದ ಎದ್ದು ಬರುತ್ತೇನೆ, ಅವನು ಮುಂದಿನ ಮನೆಗೆ ಹೋಗುತ್ತಾನೆ.

ಅಮ್ಮ ದಿನಾ ಕೇಳುತ್ತಾಳೆ. ತಡೆಯಲಾರದೆ ನಿನ್ನ ಹಳೆಯ ಕಾಗದವನ್ನೇ ತೆಗೆದು, ಅದರ ಮೇಲೆ ಬೆರಳಾಡಿಸುತ್ತ, ಹೊಸದೊಂದು ಕಟ್ಟಿ ಓದಿದೆ. ನಿನಗೆ ಶೀತವಾಗಿ ವಾಸಿಯಾಯಿತು ಅಂದೆ. ಜಿಂಕೆ ನೋಡಿದೆ ಅಂದೆ. ಅವಳು "ಹ್ಞೂಂ, ಹ್ಞೂಂ" ಅನ್ನುತ್ತ ಕೇಳಿದಳು. ಹೋದ ವಾರ ಇನ್ನೊಂದು ಕಟ್ಟಿದೆ. ಇಷ್ಟು ವಯಸ್ಸಾದ ಮೇಲೆ ಕಥೆ ಹೆಣೆಯುವ ಹಾಗೆ ಮಾಡಿದ್ದೀಯ.

ಇಳಿಜಾರಿನಲ್ಲಿ ನೀನು ಒಂದು ಕ್ಷಣ ಮಾತು ನಿಲ್ಲಿಸಿದರೂ ಹಿಂದೆ ನನ್ನ ಕಾಲು ನಿಂತುಬಿಡುತ್ತಿತ್ತು, ಗೊತ್ತಲ್ಲ. ಮುಂದೆ ಏನಿದೆ ಅಂತ ನನಗೆ ತಿಳಿಯುತ್ತಿದ್ದದ್ದು ನಿನ್ನ ಬಾಯಿಂದ ಮಾತ್ರ. ಈಗಲೂ ಹಾಗೇ ಆಗಿದೆ. ಚಕ್ರ ಕೈಗೆ ತೆಗೆದುಕೊಂಡರೆ ಎಲ್ಲಿಗೆ ಬಿಟ್ಟಿದ್ದೆ ಅನ್ನುವುದೇ ಮರೆಯುತ್ತದೆ. ಏನಾದರೂ ಬರಿ. ಬೈದಾದರೂ ಬರಿ.

ಅಪ್ಪ


ಜುಲೈ ೩

ಪುಟ್ಟಿ,

ನಾನು ಅಮ್ಮ. ನನಗೆ ಬರುವ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿಮ್ಮಪ್ಪನಿಗೆ ಗೊತ್ತಿಲ್ಲ.

ಎರಡು ತಿಂಗಳಿಂದ ನಿನ್ನ ಕಾಗದ ಬಂದಿಲ್ಲ. ನಿಮ್ಮಪ್ಪ ಬಂತು ಬಂತು ಅಂತ ಓದುತ್ತಿದ್ದಾರೆ. ಪ್ರತಿ ಸಲವೂ ಅದೇ ಕಾಗದ, ಮೂಲೆಯಲ್ಲಿ ಅದೇ ಬೆಣ್ಣೆ ಕಲೆ. ಚುಕ್ಕಿ ಓದಲು ಬರುವುದಿಲ್ಲ ನಿಜ, ಕಲೆ ನೋಡಲು ಬರುತ್ತದೆ. ಬಟ್ಟೆ ಹೊಲಿದೇ ಕೂದಲು ಹಣ್ಣಾದವಳು ನಾನು. ಪಾಪ, ಜಿಂಕೆ ಬಂತು ಅಂತೆಲ್ಲ ಹೇಳುತ್ತಾರೆ. ನಾನು ಹ್ಞೂಂ ಅನ್ನುತ್ತೇನೆ.

ಏನಾಗಿದೆ? ಬಿದ್ದೆಯಾ? ಯಾರಾದರೂ ಏನಾದರೂ ಅಂದರಾ? ಅಥವಾ ನಾನು ಯಾವುದನ್ನು ಬಾಯಿಬಿಟ್ಟು ಕೇಳಲು ಹೆದರುತ್ತೇನೋ ಅದಾ? ಅಲ್ಲಿಗೆ ಹೊರಡುವ ಮುಂಚೆ ನೀನು ಮನೆಯಲ್ಲಿದ್ದಾಗ ಒಂದು ಸಂಜೆ ಲೋಟಕ್ಕೆ ಕೈ ಹಾಕಿ ಪಕ್ಕದಲ್ಲಿ ತಡಕಾಡಿದೆ. ನಾನು ನೋಡಿದೆ. ನೋಡದ ಹಾಗೆ ತಿರುಗಿಕೊಂಡೆ.

ಏನಿದ್ದರೂ ಬರಿ.

ಅಮ್ಮ


ಜುಲೈ ೧೯

ಅಪ್ಪಾ,

ನಿನ್ನ ಎರಡೂ ಕಾಗದ ದಿಂಬಿನ ಕೆಳಗಿವೆ. ಅಮ್ಮನದೂ ಬಂದಿದೆ. ಅವಳಿಗೆ ಏನು ಬರೆಯಲಿ ಅಂತ ತೋಚದೆ ನಿನಗೆ ಬರೆಯುತ್ತಿದ್ದೇನೆ.

ಹೌದು, ಬೆರಳಿನಲ್ಲೇ ಓದುತ್ತೇನೆ. ಏಪ್ರಿಲಿನಿಂದ. ಯಾಕೆ ಅಂತ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಕಣ್ಣು ದಣಿದಿದೆ ಅಂದುಕೊಂಡೆ. ನೀನು ಕಂಡುಹಿಡಿದೆ ಅಂತ ಓದಿದಾಗ ನಿನ್ನ ಮೇಲೇ ಸಿಟ್ಟು ಬಂತು. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿ ಬರೆಯಲಿಲ್ಲ.

ಗೋಡೆಯ ಗುರುತು ನೋಡುತ್ತ ಕೈಗಳನ್ನು ಮುಂದಕ್ಕೆ ತಂದೆ. ಬಲಗೈ ತಡವಾಗಿ ಕಂಡಿತು. ಎಡಗೈ ಹೆಚ್ಚೂಕಡಿಮೆ ಮುಖದ ಮುಂದೆಯೇ ಬಂದ ಮೇಲೆ ಕಂಡಿತು. ಅದು ನನ್ನ ಕೈ ಅಲ್ಲವೇನೋ ಅನ್ನುವ ಹಾಗೆ ಬೆಚ್ಚಿಬಿದ್ದೆ.

ಹೋದ ವಾರ ನೆತ್ತಿಯ ರಸ್ತೆ ತೆರೆದರು. ನಮ್ಮ ರಸ್ತೆ. ಹೋಗಬಾರದು ಅಂತ ಗೊತ್ತಿದ್ದೂ ಹೋದೆ. ಏರು ತುಂಬ ಚೆನ್ನಾಗಿದೆ, ಬಯಲು, ಬೆಳಕು. ಆಚೆಯ ಇಳಿಜಾರು ಪೂರ್ತಿ ಕಾಡು, ಬಿಸಿಲು ನೆರಳು ಪಟ್ಟೆ ಪಟ್ಟೆ. ಒಂದು ತಿರುವಿನಲ್ಲಿ ನೆರಳಿಗೆ ನುಗ್ಗಿದೆ, ರಸ್ತೆ ಇಲ್ಲ. ಕತ್ತಲೆಯಲ್ಲ ಅಪ್ಪಾ. ಕತ್ತಲೆಯಾದರೆ ಕತ್ತಲೆ ಅಂತಾದರೂ ಗೊತ್ತಾಗುತ್ತದೆ. ಅಲ್ಲೇನೋ ಇತ್ತು, ನನಗದು ಸಿಗಲಿಲ್ಲ. ಅಭ್ಯಾಸಬಲಕ್ಕೆ ನಾನು ಜೋರಾಗಿ ಕೂಗುತ್ತಿದ್ದೆ, "ಬಲಕ್ಕೆ ತಿರುಗ್ತೀನಿ ಅಪ್ಪಾ, ಬ್ರೇಕ್ ಹಿಡೀತೀನಿ" ಅಂತ. ಹಿಂದೆ ಯಾರೂ ಇರಲಿಲ್ಲ. ನಾನು ಕೂಗಿದ್ದು ಬಲಕ್ಕೆ. ತಿರುವು ಇದ್ದದ್ದು ಎಡಕ್ಕೆ.

ಚಕ್ರ ಜಲ್ಲಿಗೆ ಇಳಿದು ರಸ್ತೆಯಂಚಿನ ಕಲ್ಲಿಗೆ ಬಡಿದು ನಿಂತಿತು. ಕಲ್ಲಿನಾಚೆ ತುಂಬ ಕೆಳಗೆ ತೊರೆಯ ಸದ್ದು ಕೇಳುತ್ತಿತ್ತು. ಹಿಂದಿನ ಸೀಟಿನಲ್ಲಿ ನೀನಿದ್ದಿದ್ದರೆ ನನ್ನ ಮಾತು ನಂಬಿ ಬಲಕ್ಕೇ ವಾಲುತ್ತಿದ್ದೆ. ಅದೇ ಕಣ್ಣೆದುರು ಬರುತ್ತದೆ, ಎಚ್ಚರದಲ್ಲೂ ನಿದ್ದೆಯಲ್ಲೂ. ನೀನು ನಗುನಗುತ್ತ ವಾಲುವುದು.

ಅಲ್ಲಿಂದ ಸೈಕಲ್ ತಳ್ಳಿಕೊಂಡು, ಅಂಚಿನ ಕಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತ ಇಳಿದೆ. ದಾರಿಯಲ್ಲಿ ಅದೇ ಅಂಚೆಯಾಕೆ ಸಿಕ್ಕಳು. ನನ್ನ ಮುಖ ನೋಡಿ ಏನೂ ಕೇಳದೆ, ಸುತ್ತಿ ಬಂದು ಎಡಗಡೆಗೆ ನಿಂತು, ಊರು ಬರುವವರೆಗೂ ಜೊತೆಗೆ ನಡೆದಳು.

ನಾನು ಹಸಿರು ಹಚ್ಚಿದ ರಸ್ತೆಗಳೆಲ್ಲ ನೆನಪಾಗುತ್ತಿವೆ. ನಾನು ನೋಡದೆ ಹೋದದ್ದು ಅಲ್ಲಿ ಏನೇನಿದೆಯೋ. ಇನ್ನೊಬ್ಬರನ್ನು ಕಳಿಸಿ ಎಲ್ಲವನ್ನೂ ಮತ್ತೆ ನೋಡಿಸಿ ಅಂತ ಸಂಘಕ್ಕೆ ಬರೆದಿದ್ದೇನೆ. ಕಾರಣವನ್ನೂ ಬರೆದಿದ್ದೇನೆ. ಹೊರಗಿನವರಿಗೆ ಹೇಳುವುದು ಸುಲಭ.

ಮುಂದಿನ ವಾರ ಕಣ್ಣಿನ ಡಾಕ್ಟರು. ತುಂಬ ಹೆದರಿಕೆ ಅಪ್ಪಾ. ನೀನು ಮೊದಲ ಸಲ ಹೋದಾಗ ಯಾರ ಕೈ ಹಿಡಿದುಕೊಂಡಿದ್ದೆ?

ಮಗಳು


ಆಗಸ್ಟ್ ೮

ಅಮ್ಮಾ,

ಈ ಸಲ ಶಾಯಿಯಲ್ಲಿ ಬರೆಯುತ್ತಿದ್ದೇನೆ. ನೀನು ಓದು, ಅಪ್ಪ ಕೇಳಲಿ. ಇಬ್ಬರೂ ಒಂದೇ ಹೊತ್ತಿಗೆ ತಿಳಿದುಕೊಳ್ಳಬೇಕು. ಯಾರೂ ಯಾರಿಗೂ ಕಥೆ ಕಟ್ಟಬೇಡಿ.

ಅಪ್ಪನಿಗೆ ಬಂದದ್ದೇ ನನಗೂ ಬಂದಿದೆ. ಎರಡೂ ಬದಿಯಿಂದ ಮುಚ್ಚಿಕೊಂಡು ಬರುತ್ತಿದೆ, ಎಡಕ್ಕೆ ಜಾಸ್ತಿ. ನಡುವೆ ಚೆನ್ನಾಗಿ ಕಾಣುತ್ತದೆ. ಎಷ್ಟು ವರ್ಷ ಹೀಗಿರುತ್ತದೆ ಅಂದರೆ ಹೇಳಲಾಗುವುದಿಲ್ಲ ಅಂದರು. ಡಾಕ್ಟರು ಒಳ್ಳೆಯ ಹೆಂಗಸು, ನೀರು ತರಿಸಿಕೊಟ್ಟಳು. ನಾನು ಕುಡಿಯಲಿಲ್ಲ. ಲೋಟ ಎಲ್ಲಿಟ್ಟರೋ ಕಾಣಲಿಲ್ಲ, ಕೇಳಲು ನಾಚಿಕೆಯಾಯಿತು.

ಸಂಘದವರು ಕೆಲಸ ಬಿಡಿಸಿಲ್ಲ. ಹೊಸಬಳೊಬ್ಬಳು ಬಂದು ತುಳಿಯುತ್ತಾಳೆ, ನಾನು ಮೇಜಿನ ಮುಂದೆ ಕೂತು ಬರೆಯುತ್ತೇನೆ. ಕಾಡಿನೊಳಗೆ ಇಳಿಯುವ ಎಲ್ಲ ರಸ್ತೆಗಳಿಗೂ ಒಂದು ಸಾಲು ಸೇರಿಸಿದ್ದೇನೆ: ಬಿಸಿಲಿನಿಂದ ನೆರಳಿಗೆ ಹೋಗುವಾಗ ನಿಧಾನ.

ಅಪ್ಪಾ, ಅಕ್ಟೋಬರಿನ ಮಾತು ಬಿಟ್ಟುಬಿಡೋಣ. ನಿನ್ನನ್ನು ಕೂರಿಸಿಕೊಂಡು ಆ ಇಳಿಜಾರು ಇಳಿಯಲು ನನ್ನ ಕೈಲಾಗುವುದಿಲ್ಲ.

ನಿಮ್ಮ ಮಗಳು


ಆಗಸ್ಟ್ ೨೧

ಮಗಳೇ,

ಅಮ್ಮ ನಿಲ್ಲಿಸದೆ ಕೊನೆಯವರೆಗೂ ಓದಿದಳು. ಎಲ್ಲೂ ತೊದಲಲಿಲ್ಲ. ಓದಿ ಮುಗಿಸಿ, ಮಡಿಸಿಟ್ಟಿದ್ದ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸಿದಳು. ನನಗೆ ಸದ್ದು ಕೇಳುತ್ತಿತ್ತು. ನಾನು ಅಳುತ್ತಿದ್ದೆ, ಅದು ಅವಳಿಗೆ ಕಾಣುತ್ತಿತ್ತು. ನನ್ನಿಂದ ಬಂದದ್ದು ನಿನಗೆ. ಏನು ಹೇಳಿದರೂ ಅದು ಬದಲಾಗುವುದಿಲ್ಲ. ಮೂಗು ಮಾತ್ರ ಅಜ್ಜಿಯದು ಬಂದರೆ ಸಾಕು ಅಂತ ನೀನು ಹುಟ್ಟಿದಾಗ ಹೇಳಿದ್ದೆ.

ಜೋಡಿ ಸೈಕಲ್ಲನ್ನು ಕೊಟ್ಟುಬಿಡೋಣ ಅಂತ ಅಂಗಡಿಗೆ ಒಯ್ದೆ. ಬೆಳಗಿನಿಂದ ಸಂಜೆಯವರೆಗೆ ಅದರ ಚಕ್ರ ತಿರುಗಿಸುತ್ತ ಕೂತಿದ್ದು ವಾಪಸ್ಸು ತಂದೆ.

ಯಾರ ಕೈ ಹಿಡಿದುಕೊಂಡಿದ್ದೆ ಅಂತ ಕೇಳಿದ್ದೆಯಲ್ಲ. ಅಮ್ಮನದು. ಹೊಲಿಯುವಾಗ ಸೂಜಿ ಚುಚ್ಚದಿರಲಿ ಅಂತ ಬೆರಳಿಗೆ ಹಾಕುವ ಲೋಹದ ಟೋಪಿ ಹಾಗೇ ಇತ್ತು, ತೆಗೆಯುವುದನ್ನೂ ಮರೆತು ಬಂದಿದ್ದಳು. ಡಾಕ್ಟರು ಹೇಳುತ್ತ ಹೋದ ಹಾಗೆ ಆ ಟೋಪಿ ನನ್ನ ಅಂಗೈಗೆ ಒತ್ತುತ್ತಲೇ ಹೋಯಿತು.

ಅವಳು ಈಗ ಹೆಚ್ಚು ಮಾತಾಡುವುದಿಲ್ಲ. ಮಧ್ಯಾಹ್ನವೆಲ್ಲ ಹೊಲಿಗೆ ಯಂತ್ರ ನಿಂತಿರುತ್ತದೆ. ಕೇಳಿದರೆ "ಸೂಜಿ ಮುರಿದಿದೆ" ಅನ್ನುತ್ತಾಳೆ. ದಿನಾ ಸೂಜಿ ಮುರಿಯುತ್ತದೆಯಾ? ಅವಳ ಬಗ್ಗೆಯೂ ನನಗೆ ಹೆದರಿಕೆಯಾಗುತ್ತಿದೆ.

ಅಪ್ಪ


ಸೆಪ್ಟೆಂಬರ್ ೧೫

ಪುಟ್ಟಿ,

ಇದು ಅಮ್ಮ. ಚುಕ್ಕಿಯಲ್ಲಿ. ಬೆಚ್ಚಬೇಡ.

ನಿನ್ನ ಚಿಕ್ಕಂದಿನ ಬ್ರೈಲ್ ಹಲಗೆ ಅಟ್ಟದಲ್ಲಿತ್ತು. ಚುಕ್ಕಿ ಚುಚ್ಚುವ ಮೊಳೆಯೂ ಇತ್ತು. ಮೊದಮೊದಲು ಕಾಗದ ತೂತಾಗುತ್ತಿತ್ತು. ಹೊಲಿಗೆಯವಳ ಕೈ. ಆಮೇಲೆ ನಿಮ್ಮಪ್ಪನಿಗೆ ಗೊತ್ತಾಯಿತು. ಪಕ್ಕದಲ್ಲಿ ಕೂತು ನಗುತ್ತಿದ್ದರು. ಹೊರಗೆ ಕಳಿಸಿದ್ದೇನೆ.

ಇದನ್ನು ಕಲಿತರೆ ಕಣ್ಣು ಹೋದದ್ದನ್ನು ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು. ಅದಕ್ಕೇ ಇಷ್ಟು ವರ್ಷ ದೂರ ಇಟ್ಟೆ. ಈಗಲೂ ಒಪ್ಪಿಲ್ಲ. ಆದರೆ ನೀವಿಬ್ಬರೂ ಒಳಗೆ ಮಾತಾಡುತ್ತಿರುವಾಗ ನಾನು ಹೊಸಿಲಾಚೆ ನಿಂತಿರಲಾರೆ.

ಅಕ್ಟೋಬರಿನಲ್ಲಿ ಬರುತ್ತೇವೆ. ಸೈಕಲ್ಲೂ ಬರುತ್ತದೆ. ಏರಿನಲ್ಲಿ ನೀನು ಮುಂದೆ, ಅವರು ಹಿಂದೆ. ಅದು ಬಯಲು, ಬೆಳಕಿದೆ ಅಂತ ನೀನೇ ಬರೆದಿದ್ದೀಯ. ಹತ್ತುವಾಗ ನಿಮ್ಮ ವೇಗ ನನಗೆ ಗೊತ್ತು. ನಡೆದುಕೊಂಡೇ ಬರುತ್ತೇನೆ. ಎಡಗಡೆ ನಾನಿರುತ್ತೇನೆ. ಎಡಕ್ಕೆ ಏನು ಬಂದರೂ ಹೇಳುವುದು ನನ್ನ ಕೆಲಸ. ನೆತ್ತ ತಲುಪಿದ ಮೇಲೆ ಸೈಕಲ್ಲನ್ನೂ ನಿಮ್ಮಿಬ್ಬರನ್ನೂ ಬ್ರೆಡ್ಡಿನ ವ್ಯಾನಿಗೆ ಹತ್ತಿಸುತ್ತೇನೆ. ಆ ಬ್ರೆಡ್ ಅಂಗಡಿಯಾಕೆಗೆ ಬರೆದು ಕೇಳಿದೆ, ಒಪ್ಪಿದ್ದಾಳೆ. ಇದರಲ್ಲಿ ಯಾರೂ ವಾದ ಮಾಡಬಾರದು.

ಹೆದರಿಕೆ ನನಗೂ ಇದೆ. ತುಂಬ ಇದೆ. ಕಂಬಳಿ ಬಿಚ್ಚಿ ಹೊದ್ದುಕೋ. ಅದೂ ಓದಿದೆ.

ನೆತ್ತಿ ಅಂತ ಬರೆಯುವಾಗ ಒಂದು ಕಡೆ ತಪ್ಪಿತು. ಇನ್ನೂ ಎರಡು ಕಡೆ ತಪ್ಪಿದೆ. ಅವೆರಡನ್ನು ಉಗುರಿನಲ್ಲಿ ಅದುಮಿದ್ದೇನೆ, ನೆತ್ತಿಯದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಕಣ್ಣು ಮುಚ್ಚಿಕೊಂಡು ಓದು. ನಿನ್ನ ಬೆರಳಿಗೆ ಸಿಕ್ಕಿತಾ ಅಂತ ನನಗೇ ಬರಿ, ಚುಕ್ಕಿಯಲ್ಲೇ ಬರಿ.

ಅಮ್ಮ